ಬಾಕ್ಸ್‌ನಲ್ಲಿ ಟೈಪ್ ಮಾಡಿದ್ದು ಪೈಥಾನ್ ಕೈಗೆ ಸಿಗುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬಿಕಾಂ ಕೊನೆಯ ವರ್ಷದಲ್ಲಿದ್ದೇನೆ. ನಮ್ಮೂರ ಹಾಲಿನ ಡೈರಿಯಲ್ಲಿ ನಮ್ಮಣ್ಣ ಸೆಕ್ರೆಟರಿ. ಬೆಳಿಗ್ಗೆ, ಸಂಜೆ ಯಾರು ಎಷ್ಟು ಹಾಲು ಹಾಕಿದರು ಅಂತ ಪುಸ್ತಕದಲ್ಲಿ ಬರೆದು, ವಾರಕ್ಕೊಮ್ಮೆ ಕೂತು ಬಟವಾಡೆ ಲೆಕ್ಕ ಮಾಡುತ್ತಾನೆ. ಅವನಿಗೆ ಅನುಕೂಲವಾಗಲಿ ಅಂತ ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡಿಕೊಡುವ ಟಿಕಿಂಟರ್ ಬಳಸಿ ಒಂದು ಸಣ್ಣ ಫಾರ್ಮ್ ಮಾಡಿದ್ದೇನೆ. ಸದಸ್ಯರ ನಂಬರ್, ಹೆಸರು, ಲೀಟರ್, ದರ, ಇಷ್ಟೇ. ಕಿಟಕಿ ಚೆನ್ನಾಗಿ ಬರುತ್ತದೆ. ಆದರೆ ಟೈಪ್ ಮಾಡಿದ್ದನ್ನು ಓದಲು ಹೋದರೆ ಮೊದಲು ‘ನನ್‌ಟೈಪ್ ಆಬ್ಜೆಕ್ಟ್‌ನಲ್ಲಿ ಗೆಟ್ ಇಲ್ಲ’ ಅಂತ ಎರರ್ ಬಂತು. ಏನೇನೋ ಬದಲಾಯಿಸಿದೆ, ಎರರ್ ಹೋಯಿತು, ಆದರೆ ಬರೀ ಖಾಲಿ ಬರುತ್ತದೆ. ಸ್ಟ್ರಿಂಗ್‌ವಾರ್ ಹಾಕಿ ನೋಡಿದೆ, ‘ಪಿವೈ_ವಾರ್0’ ಅಂತ ಪ್ರಿಂಟ್ ಆಯಿತು. ಕೊನೆಗೆ ಹೇಗೋ ಅಂಕಿ ಬಂತು ಅಂದುಕೊಂಡರೆ ಬೆಳಗಿನ 6 ಲೀಟರ್, ಸಂಜೆಯ 5 ಲೀಟರ್ ಕೂಡಿಸಿದಾಗ 65 ಲೀಟರ್ ತೋರಿಸುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಿಮ್ಮ ನಾಲ್ಕೂ ತೊಂದರೆಗಳ ಬೇರು ಒಂದೇ ಕಡೆ ಇದೆ. ಬಾಕ್ಸ್‌ನಲ್ಲಿ ಕಾಣುವ ಅಕ್ಷರಗಳು ನಿಮ್ಮ ಪೈಥಾನ್ ಪ್ರೋಗ್ರಾಮ್ ಹತ್ತಿರ ಇರುವುದೇ ಇಲ್ಲ. ಅವು ಇರುವುದು ಟಿಕಿಂಟರ್ ಹಿಂದೆ ನಿಂತು ಕಿಟಕಿ, ಬಾಕ್ಸ್ ಬರೆಯುವ ಟಿಕೆ ಅನ್ನುವ ಸಾಧನದ ಹತ್ತಿರ. ಇದೊಂದು ತಲೆಗೆ ಇಳಿದರೆ ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಮೊದಲು ಇದನ್ನೇ ಹೇಳುತ್ತೇನೆ.

ಟಿಕೆ ಹುಟ್ಟಿದ್ದು ಪೈಥಾನ್‌ಗಾಗಿ ಅಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಪಾಠ ಮಾಡುತ್ತಿದ್ದ ಜಾನ್ ಔಸ್ಟರ್‌ಹೌಟ್ 1988ರ ಹೊತ್ತಿಗೆ ಟಿಸಿಎಲ್ ಅನ್ನುವ ಒಂದು ಪುಟ್ಟ ಭಾಷೆ ಮಾಡಿದರು. ಆಮೇಲೆ ಅದರ ಜೊತೆಗೆ ಕಿಟಕಿ, ಬಟನ್, ಬಾಕ್ಸ್ ಎಲ್ಲ ಬರೆಯಲು ಟಿಕೆ ಬಂತು. ಟಿಕಿಂಟರ್ ಅನ್ನುವ ಹೆಸರೇ ‘ಟಿಕೆ ಇಂಟರ್‌ಫೇಸ್’ ಅನ್ನುವುದರಿಂದ ಬಂದದ್ದು. ಅಂದರೆ ಇವತ್ತಿಗೂ ನೀವು ಪೈಥಾನ್‌ನಲ್ಲಿ ಎಂಟ್ರಿ ಬಾಕ್ಸ್ ಮಾಡಿದಾಗ, ಒಳಗೆ ಟಿಸಿಎಲ್‌ಗೆ ಒಂದು ಅಪ್ಪಣೆ ಹೋಗುತ್ತದೆ, ಅಲ್ಲಿ ಬಾಕ್ಸ್ ಹುಟ್ಟುತ್ತದೆ. ನಿಮ್ಮಣ್ಣ ಕೀಬೋರ್ಡ್‌ನಲ್ಲಿ 6 ಒತ್ತಿದರೆ ಆ 6 ಅಲ್ಲೇ ಸೇರುತ್ತದೆ. ನಿಮ್ಮ ಕೈಯಲ್ಲಿರುವ ವೇರಿಯಬಲ್ ಆ ಬಾಕ್ಸಿನ ವಿಳಾಸ ಅಷ್ಟೇ. ಬಾಕ್ಸಿನಲ್ಲಿ ಏನಿದೆ ಅಂತ ತಿಳಿಯಬೇಕಾದರೆ ಆ ವಿಳಾಸಕ್ಕೆ ಹೋಗಿ ಕೇಳಬೇಕು. ಹಾಗೆ ಕೇಳುವುದಕ್ಕೇ ಗೆಟ್ ಅನ್ನುವುದು.

ಕೋಡಿನ ಪದಗಳನ್ನು ಕೆಳಗೆ ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಎಂಟ್ರಿ, ಗೆಟ್, ಗ್ರಿಡ್ ಇಂಥವನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ನೀವೇ ಇಡುವ ಹೆಸರುಗಳನ್ನು ಬೇಕಾದರೆ ಕನ್ನಡದಲ್ಲೇ ಇಟ್ಟುಕೊಳ್ಳಬಹುದು, ಪೈಥಾನ್ 3 ಒಪ್ಪುತ್ತದೆ.

ಮೊದಲನೇ ಎರರ್‌ಗೆ ಬರೋಣ. ನಿಮ್ಮ ಕೋಡ್‌ನಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ:

ಲೀಟರ್_ಬಾಕ್ಸ್ = ಎಂಟ್ರಿ(ಕಿಟಕಿ).ಗ್ರಿಡ್(ರೋ=2, ಕಾಲಮ್=1)

ನೋಡಲು ಅಚ್ಚುಕಟ್ಟಾಗಿದೆ, ಅಲ್ವಾ? ಆದರೆ ಇಲ್ಲಿ ಎರಡು ಕೆಲಸ ನಡೆಯುತ್ತಿದೆ. ಎಂಟ್ರಿ ಬಾಕ್ಸ್ ಮಾಡುತ್ತದೆ. ಗ್ರಿಡ್ ಅದನ್ನು ಒಂದು ಜಾಗದಲ್ಲಿ ಕೂರಿಸುತ್ತದೆ. ಕೂರಿಸಿದ ಮೇಲೆ ಗ್ರಿಡ್ ಏನನ್ನೂ ವಾಪಸ್ ಕೊಡುವುದಿಲ್ಲ. ಪೈಥಾನ್‌ನಲ್ಲಿ ‘ಏನೂ ಇಲ್ಲ’ ಅನ್ನುವುದರ ಹೆಸರು ನನ್. ಸಾಲಿನ ಕೊನೆಯಲ್ಲಿ ಸಿಕ್ಕಿದ್ದೇ ವೇರಿಯಬಲ್‌ಗೆ ಹೋಗುವುದು, ಹಾಗಾಗಿ ಲೀಟರ್_ಬಾಕ್ಸ್ ಒಳಗೆ ನನ್ ಕೂತಿತು. ಕಿಟಕಿಯಲ್ಲಿ ಬಾಕ್ಸ್ ಕಾಣುತ್ತದೆ, ಟೈಪೂ ಮಾಡಬಹುದು, ಆದರೆ ಅದರ ವಿಳಾಸ ನಿಮ್ಮ ಕೈ ತಪ್ಪಿತು. ಕೂರಿಸಲು ಗ್ರಿಡ್ ಬದಲು ಪ್ಯಾಕ್, ಪ್ಲೇಸ್ ಬಳಸಿದರೂ ಇದೇ ಕಥೆ. ಸಾಲನ್ನು ಒಡೆದು ಎರಡು ಮಾಡಿ:

ಲೀಟರ್_ಬಾಕ್ಸ್ = ಎಂಟ್ರಿ(ಕಿಟಕಿ)
ಲೀಟರ್_ಬಾಕ್ಸ್.ಗ್ರಿಡ್(ರೋ=2, ಕಾಲಮ್=1)

ಲೇಬಲ್‌ಗಳಿಗೆ ಒಂದೇ ಸಾಲು ನಡೆಯುತ್ತದೆ, ಏಕೆಂದರೆ ಅವನ್ನು ಆಮೇಲೆ ಯಾರೂ ಏನೂ ಕೇಳುವುದಿಲ್ಲ. ಓದಬೇಕಾದ ಪ್ರತಿಯೊಂದಕ್ಕೂ ಎರಡು ಸಾಲು ಅಂತ ರೂಢಿ ಮಾಡಿಕೊಳ್ಳಿ.

ಎರಡನೆಯದು, ಖಾಲಿ ಬರುವುದು. ಇಲ್ಲಿ ಕೇಳಿದ್ದು ಸರಿ, ಕೇಳಿದ ಹೊತ್ತು ತಪ್ಪು. ನೀವು ಬಾಕ್ಸ್ ಮಾಡಿ, ಅದರ ಕೆಳಗಿನ ಸಾಲಿನಲ್ಲೇ ಲೀಟರ್ = ಲೀಟರ್_ಬಾಕ್ಸ್.ಗೆಟ್() ಅಂತ ಬರೆದಿರಬೇಕು. ಪೈಥಾನ್ ಮೇಲಿಂದ ಕೆಳಕ್ಕೆ ಓಡುತ್ತದೆ. ಆ ಸಾಲು ಮುಗಿಯುವ ಹೊತ್ತಿಗೆ ಕಿಟಕಿ ಪರದೆ ಮೇಲೆ ಬಂದೇ ಇರುವುದಿಲ್ಲ, ನಿಮ್ಮಣ್ಣ ಕುರ್ಚಿ ಎಳೆದುಕೊಂಡೂ ಇರುವುದಿಲ್ಲ. ಬಾಕ್ಸ್ ಖಾಲಿ ಇದೆ, ಹಾಗಾಗಿ ಖಾಲಿ ಅಂತ ನಿಜವನ್ನೇ ಹೇಳಿತು. ಲೀಟರ್ ಅನ್ನುವ ವೇರಿಯಬಲ್ ಆ ಖಾಲಿಯನ್ನೇ ಹಿಡಿದುಕೊಂಡು ಕೂತಿತು. ಆಮೇಲೆ ಬಾಕ್ಸ್‌ನಲ್ಲಿ ಏನು ಬದಲಾದರೂ ಅದಕ್ಕೆ ತಿಳಿಯುವುದಿಲ್ಲ.

ಕೊನೆಯಲ್ಲಿ ಮೇನ್‌ಲೂಪ್ ಅಂತ ಒಂದು ಸಾಲು ಬರೆದಿದ್ದೀರಲ್ಲ, ಪ್ರೋಗ್ರಾಮ್ ಅಲ್ಲಿ ನಿಂತು ಕಾಯುತ್ತದೆ. ಯಾರಾದರೂ ಕೀ ಒತ್ತುತ್ತಾರಾ, ಬಟನ್ ಕ್ಲಿಕ್ ಮಾಡುತ್ತಾರಾ ಅಂತ ನೋಡುತ್ತಾ ಇರುತ್ತದೆ. ಕೆಲವರು ಗೆಟ್ ಅನ್ನು ಮೇನ್‌ಲೂಪ್‌ನ ಕೆಳಗೆ ಹಾಕುತ್ತಾರೆ. ಅದೂ ಕೆಲಸಕ್ಕೆ ಬರುವುದಿಲ್ಲ. ಕಿಟಕಿ ಮುಚ್ಚಿದ ಮೇಲೆಯೇ ಆ ಸಾಲಿಗೆ ಸರದಿ. ಅಷ್ಟರಲ್ಲಿ ಬಾಕ್ಸ್ ಹೋಗಿಬಿಟ್ಟಿರುತ್ತದೆ, ‘ಇನ್‌ವ್ಯಾಲಿಡ್ ಕಮಾಂಡ್ ನೇಮ್’ ಅಂತ ಟಿಸಿಎಲ್ ಎರರ್ ಬರುತ್ತದೆ. ಮೊದಲು ಕೇಳಿದರೆ ಬೇಗ ಆಯಿತು, ಆಮೇಲೆ ಕೇಳಿದರೆ ತಡವಾಯಿತು. ಕೇಳಬೇಕಾದ ಹೊತ್ತು ಒಂದೇ, ಅವರು ‘ಉಳಿಸು’ ಬಟನ್ ಒತ್ತಿದಾಗ. ಅಂದರೆ ಗೆಟ್ ಸಾಲುಗಳೆಲ್ಲ ಬಟನ್ ಕರೆಯುವ ಫಂಕ್ಷನ್ ಒಳಗೇ ಇರಬೇಕು:

ಡೆಫ್ ಉಳಿಸು():
    ಲೀಟರ್ = ಲೀಟರ್_ಬಾಕ್ಸ್.ಗೆಟ್()
    ದರ = ದರ_ಬಾಕ್ಸ್.ಗೆಟ್()

ಬಟನ್(ಕಿಟಕಿ, ಟೆಕ್ಸ್ಟ್="ಉಳಿಸು", ಕಮಾಂಡ್=ಉಳಿಸು).ಗ್ರಿಡ್(ರೋ=4, ಕಾಲಮ್=1)

ಕಮಾಂಡ್ ಮುಂದೆ ಬರೀ ‘ಉಳಿಸು’ ಇದೆ, ಬ್ರಾಕೆಟ್ ಇಲ್ಲ. ಇದನ್ನು ಕಣ್ಣಿಟ್ಟು ನೋಡಿ. ಬ್ರಾಕೆಟ್ ಹಾಕಿದರೆ ‘ಈಗಲೇ ಮಾಡು’ ಅಂತ ಅರ್ಥ. ಆಗ ಬಟನ್ ಹುಟ್ಟುವ ಹೊತ್ತಿಗೇ ಫಂಕ್ಷನ್ ಒಮ್ಮೆ ಓಡಿ ಮುಗಿಯುತ್ತದೆ, ಬಟನ್‌ಗೆ ಸಿಗುವುದು ಅದೇ ನನ್. ಆಮೇಲೆ ಎಷ್ಟು ಒತ್ತಿದರೂ ಏನೂ ಆಗುವುದಿಲ್ಲ. ‘ಏನೇನೋ ಬದಲಾಯಿಸಿದೆ’ ಅಂದಿದ್ದೀರಿ. ನೀವು ಖಾಲಿ ಕಂಡದ್ದು ಈ ಬ್ರಾಕೆಟ್‌ನಿಂದಲೂ ಇರಬಹುದು. ಪ್ರೋಗ್ರಾಮ್ ಶುರುವಾದ ಕೂಡಲೇ, ಇನ್ನೂ ಯಾರೂ ಬಟನ್ ಮುಟ್ಟದೆ ಖಾಲಿ ಪ್ರಿಂಟ್ ಆದರೆ ಮೊದಲು ಈ ಸಾಲನ್ನು ನೋಡಿ.

ಇನ್ನು ಪಿವೈ_ವಾರ್0. ಸ್ಟ್ರಿಂಗ್‌ವಾರ್ ಅನ್ನುವುದು ಪೈಥಾನ್‌ನ ಸಾಧಾರಣ ಸ್ಟ್ರಿಂಗ್ ಅಲ್ಲ. ಅದೂ ಟಿಸಿಎಲ್ ಕಡೆ ಇರುವ ಒಂದು ವೇರಿಯಬಲ್, ಅಲ್ಲಿ ಅದರ ಹೆಸರು ಪಿವೈ_ವಾರ್0. ಎರಡನೆಯದು ಮಾಡಿದರೆ ಪಿವೈ_ವಾರ್1. ನೀವು ನೇರವಾಗಿ ಪ್ರಿಂಟ್ ಮಾಡಿದ್ದಕ್ಕೆ ಅದು ತನ್ನ ಹೆಸರು ಹೇಳಿತು. ಒಳಗಿರುವುದು ಬೇಕಾದರೆ ಇದಕ್ಕೂ ಗೆಟ್ ಅನ್ನಬೇಕು.

ನನ್ನನ್ನು ಕೇಳಿದರೆ ನಿಮ್ಮ ಫಾರ್ಮ್‌ಗೆ ಸ್ಟ್ರಿಂಗ್‌ವಾರ್ ಬೇಕಾಗಿಯೇ ಇಲ್ಲ. ಎಂಟ್ರಿ ಬಾಕ್ಸ್‌ಗೆ ತನ್ನದೇ ಗೆಟ್ ಇರುವಾಗ ಸುಮ್ನೆ ಮಧ್ಯೆ ಇನ್ನೊಬ್ಬರು ಯಾಕೆ? ಟೈಪ್ ಮಾಡುತ್ತಿರುವಾಗಲೇ ಪಕ್ಕದಲ್ಲಿ ಮೊತ್ತ ಬದಲಾಗಬೇಕು ಅಂದಾಗ ಅದು ಉಪಯೋಗಕ್ಕೆ ಬರುತ್ತದೆ. ಟಿಕ್ ಹಾಕುವ ಚೆಕ್‌ಬಟನ್‌ಗೆ, ‘ಬೆಳಿಗ್ಗೆ’ ‘ಸಂಜೆ’ ಅಂತ ಎರಡರಲ್ಲಿ ಒಂದು ಆರಿಸುವ ರೇಡಿಯೋಬಟನ್‌ಗೆ ಮಾತ್ರ ಅದು ಬೇಕೇ ಬೇಕು, ಅವುಗಳಿಗೆ ಸ್ವಂತ ಗೆಟ್ ಇಲ್ಲ. ಎರಡೂ ರೇಡಿಯೋಬಟನ್‌ಗೆ ಒಂದೇ ಸ್ಟ್ರಿಂಗ್‌ವಾರ್ ಕೊಡಿ. ಬೇರೆ ಬೇರೆ ಕೊಟ್ಟರೆ ಬೆಳಿಗ್ಗೆ, ಸಂಜೆ ಎರಡೂ ಒಟ್ಟಿಗೆ ಆರಿಸಿದ ಹಾಗೆ ಆಗುತ್ತದೆ.

ಒಂದು ಎಚ್ಚರಿಕೆ. ದರ ಬದಲಾಯಿಸಲು ಇನ್ನೊಂದು ಕಿಟಕಿ ತೆರೆಯಬೇಕು ಅಂತ ನಿಮಗೆ ಮುಂದೆ ಅನ್ನಿಸಬಹುದು. ಆಗ ಎರಡನೇ ಸಲ ಟಿಕೆ() ಅಂತ ಕರೆಯಬೇಡಿ. ಪ್ರತಿ ಟಿಕೆ() ಹಿಂದೆ ಒಂದು ಪ್ರತ್ಯೇಕ ಟಿಸಿಎಲ್ ಹುಟ್ಟುತ್ತದೆ. ನಿಮ್ಮ ಸ್ಟ್ರಿಂಗ್‌ವಾರ್ ಮೊದಲನೆಯದರಲ್ಲಿ, ಬಾಕ್ಸ್ ಎರಡನೆಯದರಲ್ಲಿ. ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ, ಗೆಟ್ ಮಾಡಿದರೆ ಎರರ್ ಕೂಡ ಇಲ್ಲದೆ ಖಾಲಿ ಬರುತ್ತದೆ. ಇದನ್ನು ಹುಡುಕುತ್ತಾ ರಾತ್ರಿಯೆಲ್ಲ ಕೂತ ಹುಡುಗರನ್ನು ನಾನು ನೋಡಿದ್ದೇನೆ. ಎರಡನೇ ಕಿಟಕಿಗೆ ಟಾಪ್‌ಲೆವೆಲ್ ಬಳಸಿ, ಮುಗಿಯಿತು.

ಈಗ 65 ಲೀಟರ್. ನಾಲ್ಕರಲ್ಲಿ ನನಗೆ ಭಯ ಹುಟ್ಟಿಸುವುದು ಇದೇ, ಏಕೆಂದರೆ ಇಲ್ಲಿ ಎರರ್ ಬರಲಿಲ್ಲ. ಉಳಿದ ಮೂರರಲ್ಲಿ ಏನೋ ಸರಿಯಿಲ್ಲ ಅಂತ ಕಣ್ಣಿಗೆ ಕಂಡಿತು. ಇದು ತಣ್ಣಗೆ ತಪ್ಪು ಲೆಕ್ಕ ಬರೆದು ಕೂತಿತು. 65 ದೊಡ್ಡದಾದ್ದರಿಂದ ನಿಮ್ಮ ಕಣ್ಣಿಗೆ ಬಿತ್ತು, ಒಳ್ಳೆಯದಾಯಿತು.

ಎಂಟ್ರಿ ಬಾಕ್ಸ್‌ನಿಂದ ಬರುವುದು ಯಾವಾಗಲೂ ಅಕ್ಷರಗಳ ಸರ, ಅಂದರೆ ಸ್ಟ್ರಿಂಗ್. 6 ಅಂತ ಕಂಡರೂ ಅದು ‘6’ ಅನ್ನುವ ಅಕ್ಷರ. ಎರಡು ಸ್ಟ್ರಿಂಗ್ ನಡುವೆ ಪ್ಲಸ್ ಹಾಕಿದರೆ ಪೈಥಾನ್ ಪಕ್ಕಪಕ್ಕ ಅಂಟಿಸುತ್ತದೆ. 6ರ ಪಕ್ಕ 5 ಅಂಟಿಸಿದರೆ 65. ಹಾಗಾಗಿ ಓದಿದ ಕೂಡಲೇ ಅಂಕಿಯಾಗಿ ಬದಲಾಯಿಸಬೇಕು. ಹೆಚ್ಚಿನವರು ಇಲ್ಲಿ ಫ್ಲೋಟ್, ಅಂದರೆ ಪೈಥಾನಿನ ಮಾಮೂಲಿ ದಶಮಾಂಶ ಅಂಕಿ, ಅನ್ನುತ್ತಾರೆ. ದುಡ್ಡಿನ ಲೆಕ್ಕಕ್ಕೆ ನಾನು ಬೇಡ ಅನ್ನುತ್ತೇನೆ. ನೀವೇ ಮಾಡಿ ನೋಡಿ: ಪೈಥಾನ್‌ನಲ್ಲಿ 4.35 ಅನ್ನು 100ರಿಂದ ಗುಣಿಸಿ. 435 ಬರಬೇಕಲ್ವಾ? 434.99999999999994 ಬರುತ್ತದೆ. ಫ್ಲೋಟ್ ಅಂಕಿಗಳನ್ನು ಎರಡರ ಲೆಕ್ಕದಲ್ಲಿ ಇಡುತ್ತದೆ, 4.35 ಅಲ್ಲಿ ಸರಿಯಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಡಿಮೆ ಬೀಳುತ್ತದೆ. ಅದನ್ನು ಇಂಟ್, ಅಂದರೆ ಪೂರ್ಣಾಂಕ, ಮಾಡಿದರೆ 434 ಪೈಸೆ. ಒಂದು ಪೈಸೆ ಹೋಯಿತು. ಒಬ್ಬರ ಒಂದು ಹೊತ್ತಿನ ಹಾಲಿಗೆ ಅದು ಏನೂ ಅಲ್ಲ ಅನ್ನಿಸಬಹುದು. ಆದರೆ ವಾರದ ಕೊನೆಯಲ್ಲಿ ಪುಸ್ತಕದ ಮೊತ್ತಕ್ಕೂ ಕಂಪ್ಯೂಟರಿನ ಮೊತ್ತಕ್ಕೂ ತಾಳೆಯಾಗದಿದ್ದರೆ ಡೈರಿ ಮುಂದೆ ನಿಂತವರಿಗೆ ಉತ್ತರ ಹೇಳಬೇಕಾದವರು ನಿಮ್ಮಣ್ಣ.

ಇದಕ್ಕೆ ಪೈಥಾನ್ ಜೊತೆಗೇ ಬರುವ ಡೆಸಿಮಲ್ ಇದೆ. ನಾವು ಕಾಗದದ ಮೇಲೆ ಮಾಡುವ ಹಾಗೆ ಹತ್ತರ ಲೆಕ್ಕದಲ್ಲೇ ಮಾಡುತ್ತದೆ. 6.5 ಲೀಟರ್‌ಗೆ 34.50ರ ದರ ಅಂದರೆ 224.25, ಒಂದು ಚೂರೂ ಆಚೀಚೆ ಇಲ್ಲ. ಇಲ್ಲಿ ಬಾಕ್ಸ್ ಸ್ಟ್ರಿಂಗ್ ಕೊಡುವುದು ನಮಗೆ ಒಳ್ಳೆಯದೇ ಆಯಿತು. ಡೆಸಿಮಲ್‌ಗೆ ಸ್ಟ್ರಿಂಗನ್ನೇ ನೇರವಾಗಿ ಕೊಡಬೇಕು. ಮಧ್ಯೆ ಫ್ಲೋಟ್ ಮಾಡಿ ಕೊಟ್ಟರೆ ಫ್ಲೋಟಿನ ಕೊಳೆಯೂ ಜೊತೆಗೆ ಬರುತ್ತದೆ. ಪೈಸೆಗೆ ದುಂಡು ಮಾಡುವಾಗ ಕ್ವಾಂಟೈಜ್ ಬಳಸಿ, ಅದಕ್ಕೆ ರೌಂಡ್_ಹಾಫ್_ಅಪ್ ಅಂತ ಬಿಡಿಸಿ ಹೇಳಿ. ಹೇಳದಿದ್ದರೆ ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಅದು ನಮ್ಮ ಊರಿನ ಲೆಕ್ಕದ ರೂಢಿ ಅಲ್ಲ.

ನಾನಾದರೆ ಲೀಟರ್, ದರ ಎರಡನ್ನೂ ಓದಲು ಒಂದೇ ಫಂಕ್ಷನ್ ಮಾಡುತ್ತೇನೆ:

ಡೆಫ್ ಅಂಕಿ_ಓದು(ಬಾಕ್ಸ್, ಹೆಸರು):
    ಬರಹ = ಬಾಕ್ಸ್.ಗೆಟ್().ಸ್ಟ್ರಿಪ್()
    ಇಫ್ ಬರಹ == "":
        ರೈಸ್ ವ್ಯಾಲ್ಯೂಎರರ್(ಹೆಸರು + " ಖಾಲಿ ಇದೆ")
    ಟ್ರೈ:
        ಅಂಕಿ = ಡೆಸಿಮಲ್(ಬರಹ)
    ಎಕ್ಸೆಪ್ಟ್ ಇನ್‌ವ್ಯಾಲಿಡ್‌ಆಪರೇಷನ್:
        ರೈಸ್ ವ್ಯಾಲ್ಯೂಎರರ್(ಹೆಸರು + " ಸರಿಯಿಲ್ಲ: " + ಬರಹ)
    ಇಫ್ ನಾಟ್ ಅಂಕಿ.ಈಸ್_ಫೈನೈಟ್() ಆರ್ ಅಂಕಿ <= 0:
        ರೈಸ್ ವ್ಯಾಲ್ಯೂಎರರ್(ಹೆಸರು + " ಸೊನ್ನೆಗಿಂತ ಜಾಸ್ತಿ ಇರಬೇಕು")
    ರಿಟರ್ನ್ ಅಂಕಿ

ಚಿಕ್ಕದು, ಆದರೆ ಪ್ರತಿ ಸಾಲಿಗೂ ಕಾರಣ ಇದೆ. ಖಾಲಿಯನ್ನು ಮೊದಲೇ ಬೇರೆಯಾಗಿ ಹಿಡಿಯುವುದು ನನ್ನ ಅನುಭವದಿಂದ ಬಂದದ್ದು. ವರ್ಷಗಳ ಹಿಂದೆ ಒಂದು ಅಂಗಡಿಗೆ ಇಂಥದೇ ಫಾರ್ಮ್ ಬರೆದಿದ್ದೆ. ಬಾಕ್ಸ್ ಖಾಲಿ ಇದ್ದರೆ ಸೊನ್ನೆ ಅಂತ ತೆಗೆದುಕೊಳ್ಳಲಿ, ಎರರ್ ಬಂದು ಅವರಿಗೆ ಗಾಬರಿ ಆಗುವುದು ಬೇಡ ಅಂತ ಮಾಡಿದೆ. ಎಂಟು ದಿನದ ಮೇಲೆ ನೋಡಿದರೆ ಹಲವು ಸಾಲುಗಳಲ್ಲಿ ತೂಕ ಸೊನ್ನೆ. ಅವತ್ತು ನಿಜವಾಗಿ ಸಾಮಾನು ಬಂದಿರಲಿಲ್ಲವೋ, ಬಂದೂ ಟೈಪ್ ಮಾಡುವುದು ಮರೆತರೋ, ಹೇಳುವವರೇ ಇರಲಿಲ್ಲ. ಚೀಟಿಗಳನ್ನೆಲ್ಲ ತೆಗೆಸಿ ಮತ್ತೆ ಕೂಡಿಸಬೇಕಾಯಿತು. ಅಂದಿನಿಂದ ಖಾಲಿಯನ್ನು ಖಾಲಿ ಅಂತಲೇ ಹೇಳುತ್ತೇನೆ. ಇಂಟ್‌ವಾರ್, ಡಬಲ್‌ವಾರ್ ಬಳಸಬೇಡಿ ಅನ್ನುವುದಕ್ಕೂ ಇದೇ ಕಾರಣ. ಬಾಕ್ಸ್ ಖಾಲಿ ಇದ್ದಾಗ ಅವುಗಳ ಗೆಟ್ ‘ಎಕ್ಸ್‌ಪೆಕ್ಟೆಡ್ ಫ್ಲೋಟಿಂಗ್ ಪಾಯಿಂಟ್ ನಂಬರ್’ ಅಂತ ಟಿಸಿಎಲ್ ಎರರ್ ಎಸೆಯುತ್ತದೆ. ಅಂಥ ಮಾತನ್ನು ಹಾಲು ಅಳೆಯುತ್ತಾ ಕೂತವರು ಏನಂತ ಅರ್ಥ ಮಾಡಿಕೊಳ್ಳಬೇಕು?

ಡೆಸಿಮಲ್ ಎಸೆಯುವ ಎರರ್ ಹೆಸರು ಇನ್‌ವ್ಯಾಲಿಡ್‌ಆಪರೇಷನ್. ಅದು ವ್ಯಾಲ್ಯೂಎರರ್ ಕುಟುಂಬಕ್ಕೆ ಸೇರಿಲ್ಲ. ಫ್ಲೋಟ್ ಬಳಸಿ ಅಭ್ಯಾಸವಾದವರು ವ್ಯಾಲ್ಯೂಎರರ್ ಹಿಡಿಯಲು ಕೈ ಚಾಚಿರುತ್ತಾರೆ, ಇದು ಪಕ್ಕದಿಂದ ಜಾರಿಹೋಗುತ್ತದೆ. ಈಸ್_ಫೈನೈಟ್ ಯಾಕೆ ಅಂದರೆ, ಬಾಕ್ಸ್‌ನಲ್ಲಿ ಯಾರಾದರೂ ಇಂಗ್ಲಿಷ್‌ನಲ್ಲಿ ‘ನಾನ್’ ಅನ್ನುವ ಮೂರು ಅಕ್ಷರ, ಎನ್, ಎ, ಎನ್ ಟೈಪ್ ಮಾಡಿದರೆ ಡೆಸಿಮಲ್ ಅದನ್ನು ‘ಅಂಕಿಯಲ್ಲದ ಅಂಕಿ’ ಅಂತ ಒಪ್ಪಿಕೊಂಡುಬಿಡುತ್ತದೆ, ಫ್ಲೋಟೂ ಹಾಗೆಯೇ. ಅದು ಒಮ್ಮೆ ಮೊತ್ತದೊಳಗೆ ಸೇರಿದರೆ ಇಡೀ ಮೊತ್ತವೇ ಹಾಗಾಗುತ್ತದೆ.

ಕಾಮಾ ವಿಷಯ ಸ್ವಲ್ಪ ನಿಧಾನವಾಗಿ ಓದಿ. 1,25,000 ಅಂತ ಬರೆಯುವ ಅಭ್ಯಾಸ ನಮಗಿದೆ, ಹಾಗಾಗಿ ಕಾಮಾಗಳನ್ನು ಮೊದಲೇ ತೆಗೆದುಹಾಕು ಅಂತ ಎಷ್ಟೋ ಕಡೆ ಹೇಳಿಕೊಡುತ್ತಾರೆ. ದೊಡ್ಡ ಮೊತ್ತದ ಬಾಕ್ಸ್‌ಗೆ ಅದು ಸರಿ. ಲೀಟರ್ ಬಾಕ್ಸ್‌ಗೆ ಖಂಡಿತ ಬೇಡ. ಕೀಬೋರ್ಡ್‌ನಲ್ಲಿ ಕಾಮಾ, ಡಾಟ್ ಅಕ್ಕಪಕ್ಕ ಇವೆ. ಬೆಳಗಿನ ಜಾವದ ಮಂಪರಿನಲ್ಲಿ 6.5 ಒತ್ತಲು ಹೋಗಿ 6,5 ಒತ್ತಿದರೆ, ಕಾಮಾ ತೆಗೆದ ಮೇಲೆ ಉಳಿಯುವುದು ಮತ್ತದೇ 65! ಮೇಲಿನ ಫಂಕ್ಷನ್ ಕಾಮಾ ಕಂಡ ಕೂಡಲೇ ‘ಲೀಟರ್ ಸರಿಯಿಲ್ಲ: 6,5’ ಅನ್ನುತ್ತದೆ. ಹಾಗೇ ಇರಲಿ. ಮುಂದೆ ಫ್ಯಾಟ್ ಬಾಕ್ಸ್ ಸೇರಿಸಿದರೆ ಅದಕ್ಕೊಂದು ಮೇಲಿನ ಮಿತಿಯನ್ನೂ ಇಡಿ. 3.5ರ ಬದಲು 35 ಬಂದರೆ ಡಾಟ್ ಬಿಟ್ಟುಹೋಗಿದೆ ಅಂತ ಪ್ರೋಗ್ರಾಮ್‌ಗೇ ಗೊತ್ತಾಗಬೇಕು.

ಇನ್ನು ಕನ್ನಡದ ವಿಷಯ. ಇಂಗ್ಲಿಷ್ ಪಾಠಗಳಲ್ಲಿ ಇದು ಸಿಗುವುದು ಕಷ್ಟ, ನಿಮಗೆ ಬೇಕೇ ಬೇಕಾಗುತ್ತದೆ.

ಮೊದಲು ಸಂತೋಷದ ಸಂಗತಿ. ಕನ್ನಡ ಅಂಕಿಯಲ್ಲಿ ೬.೫ ಅಂತ ಟೈಪ್ ಮಾಡಿದರೂ ಡೆಸಿಮಲ್ ಅದನ್ನು 6.5 ಅಂತಲೇ ಓದುತ್ತದೆ. ಇಂಟ್ ಕೂಡ ೧೨ ಅನ್ನು 12 ಅಂತ ಓದುತ್ತದೆ. ಯೂನಿಕೋಡ್‌ನಲ್ಲಿ ದಶಮಾಂಶ ಅಂಕಿ ಅಂತ ಗುರುತಾಗಿರುವ ಎಲ್ಲ ಲಿಪಿಯ ಅಂಕಿಗಳನ್ನೂ ಪೈಥಾನ್ ಒಪ್ಪುತ್ತದೆ. ನೀವು ಏನೂ ಹೆಚ್ಚಿಗೆ ಬರೆಯಬೇಕಾಗಿಲ್ಲ. ಆದರೆ ಸದಸ್ಯರ ನಂಬರನ್ನು ಸ್ಟ್ರಿಂಗ್ ಆಗಿಯೇ ಇಟ್ಟರೆ ‘೧೨’, ‘12’, ‘012’ ಮೂರೂ ಬೇರೆ ಬೇರೆ ಜನ ಆಗಿಬಿಡುತ್ತಾರೆ. ಅದನ್ನು ಇಂಟ್ ಮಾಡಿ ಇಡಿ, ಮೂರೂ ಒಂದಾಗುತ್ತವೆ. ಫೋನ್ ನಂಬರ್ ಸೇರಿಸಿದರೆ ಮಾತ್ರ ಸ್ಟ್ರಿಂಗ್ ಆಗಿಯೇ ಇರಲಿ. ಅದನ್ನು ಯಾರೂ ಕೂಡಿಸುವುದಿಲ್ಲ, ಮುಂದಿನ ಸೊನ್ನೆಯೂ ಹೋಗಬಾರದು.

ಹೆಸರಿನ ಬಾಕ್ಸ್‌ನಲ್ಲಿ ತೊಂದರೆ ಜಾಸ್ತಿ. ‘ಹೆಸರಿನಲ್ಲಿ ಬರೀ ಅಕ್ಷರ ಇರಬೇಕು’ ಅಂತ ಪರೀಕ್ಷಿಸಲು ಈಸ್‌ಆಲ್ಫಾ ಬಳಸಿ ಅಂತ ಪಾಠಗಳಲ್ಲಿ ಇರುತ್ತದೆ. ಅದಕ್ಕೆ ‘ಕಮಲ’ ಕೊಡಿ, ಸರಿ ಅನ್ನುತ್ತದೆ. ‘ಸರೋಜ’ ಕೊಡಿ, ತಪ್ಪು ಅನ್ನುತ್ತದೆ! ಕಮಲದಲ್ಲಿ ಕ, ಮ, ಲ ಮೂರೂ ಬಿಡಿ ಅಕ್ಷರ. ಸರೋಜದಲ್ಲಿ ‘ರೋ’ ಅನ್ನುವುದು ರ ಮತ್ತು ಓತ್ವದ ಗುರುತು, ಎರಡು ಸೇರಿ ಆದದ್ದು. ಆ ಗುರುತನ್ನು ಯೂನಿಕೋಡ್ ಅಕ್ಷರ ಅಂತ ಕರೆಯುವುದಿಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆ ಅನ್ನುತ್ತದೆ. ಒತ್ತಕ್ಷರ ಇರುವ ಹೆಸರಿಗೂ ಇದೇ ಗತಿ, ನಡುವೆ ಅರ್ಧಾಕ್ಷರದ ಗುರುತು ಇರುತ್ತದಲ್ಲ. ಸರೋಜಮ್ಮನವರು ಮೂವತ್ತು ವರ್ಷದಿಂದ ಹಾಲು ಹಾಕುತ್ತಿರಬಹುದು, ಅವರ ಹೆಸರು ತಪ್ಪು ಅನ್ನಲು ಪ್ರೋಗ್ರಾಮ್ ಯಾರು? ಆ ಪರೀಕ್ಷೆಯನ್ನು ಕಿತ್ತುಹಾಕಿ. ಉದ್ದ ಎಣಿಸುವುದೂ ಹಾಗೇ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡು ಅಕ್ಷರ, ಲೆನ್ ಕೇಳಿದರೆ 7 ಅನ್ನುತ್ತದೆ. ಹೆಸರು ಹತ್ತಕ್ಕೆ ಮೀರಬಾರದು ಅಂತ ಮಿತಿ ಇಟ್ಟರೆ ಅರ್ಧ ಊರಿನ ಹೆಸರು ಒಳಗೆ ಬರುವುದಿಲ್ಲ.

ಹೆಸರಿನ ಮೇಲೆ ಹುಡುಕುವಾಗ ಇನ್ನೊಂದು ಆಗುತ್ತದೆ. ಎರಡು ‘ಗೋಪಾಲ’ ಕಣ್ಣಿಗೆ ತದ್ರೂಪ, ಪೈಥಾನ್ ಮಾತ್ರ ಬೇರೆ ಅನ್ನುತ್ತದೆ. ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಅಂತ ಬಿಡಿಸಿ ಮೂರಾಗಿಯೂ ಬರೆಯಬಹುದು. ಎಲ್ಲಿಂದಲೋ ಕಾಪಿ ಮಾಡಿ ಅಂಟಿಸಿದ ಹೆಸರು ಯಾವ ಥರ ಬರುತ್ತದೋ ಹೇಳಲಾಗುವುದಿಲ್ಲ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನ ನಾರ್ಮಲೈಜ್ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ ಅಂತ ಹೇಳಿ ಹೆಸರನ್ನು ಹಾಯಿಸಿದರೆ ಎರಡೂ ಒಂದೇ ರೂಪಕ್ಕೆ ಬರುತ್ತವೆ. ಬಾಕ್ಸ್‌ನಿಂದ ಓದಿದ ಕೂಡಲೇ, ಉಳಿಸುವ ಮುಂಚೆ ಮಾಡಿ.

‘ಸುರೇಶ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಯಲ್ಲಿ ಕೆಲವು ಸಲ ಕಣ್ಣಿಗೆ ಕಾಣದ ಒಂದು ಗುರುತು ಉಳಿದಿರುತ್ತದೆ. ಒತ್ತು ಬರದಂತೆ ತಡೆಯಲು ನಾವು ಹಾಕುವ ಜೀರೋ ವಿಡ್ತ್ ನಾನ್‌ಜಾಯ್ನರ್ ಅದು, ಯೂನಿಕೋಡ್‌ನಲ್ಲಿ 200ಸಿ. ಬರೀ ಸ್ಟ್ರಿಪ್ ಅಂದರೆ ಅದು ಹೋಗುವುದಿಲ್ಲ, ಏಕೆಂದರೆ ಅದು ಸ್ಪೇಸ್ ಅಂತ ಲೆಕ್ಕಕ್ಕಿಲ್ಲ. ಸ್ಟ್ರಿಪ್‌ನ ಬ್ರಾಕೆಟ್ ಒಳಗೆ ಸ್ಪೇಸ್ ಜೊತೆಗೆ ಆ ಗುರುತನ್ನೂ ಹೆಸರಿಸಬೇಕು. ತುದಿಯಲ್ಲಿ ಮಾತ್ರ ತೆಗೆಯಿರಿ. ಹೆಸರಿನ ಮಧ್ಯದಲ್ಲಿ ಅದು ಬೇಕಾಗಿಯೇ ಇರುತ್ತದೆ. ತೆಗೆದರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ.

ಈಗ ಎರರ್ ಬಂದಾಗ ಏನಾಗಬೇಕು ಅನ್ನುವುದು. ಟಿಕಿಂಟರ್‌ನಲ್ಲಿ ಬಟನ್ ಕರೆದ ಫಂಕ್ಷನ್ ಒಳಗೆ ಎರರ್ ಆದರೆ ಕಿಟಕಿ ಮುಚ್ಚುವುದಿಲ್ಲ, ಮುಖದಲ್ಲಿ ಏನೂ ತೋರಿಸುವುದೂ ಇಲ್ಲ. ಸಂದೇಶ ಹಿಂದಿನ ಕಪ್ಪು ಟರ್ಮಿನಲ್‌ಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಟರ್ಮಿನಲ್ ಇಲ್ಲದೆ ಓಡುವ ಹಾಗೆ ಫೈಲ್ ಮಾಡಿದ್ದರೆ ಎಲ್ಲಿಯೂ ಕಾಣುವುದಿಲ್ಲ. ನಿಮ್ಮಣ್ಣ ‘ಉಳಿಸು’ ಒತ್ತಿ, ಉಳಿಯಿತು ಅಂದುಕೊಂಡು ಮುಂದಿನವರ ಕ್ಯಾನ್ ಕಡೆ ತಿರುಗುತ್ತಾನೆ. ಆ ಸಾಲು ಉಳಿದೇ ಇರುವುದಿಲ್ಲ. ಅದಕ್ಕೇ ಉಳಿಸು ಫಂಕ್ಷನ್ ಒಳಗಿನ ಕೆಲಸವನ್ನೆಲ್ಲ ಒಂದು ಟ್ರೈ ಒಳಗೆ ಹಾಕಿ, ವ್ಯಾಲ್ಯೂಎರರ್ ಬಂದರೆ ಮೆಸೇಜ್‌ಬಾಕ್ಸ್‌ನ ಶೋಎರರ್‌ನಿಂದ ಕನ್ನಡದಲ್ಲೇ ತೋರಿಸಿ. ‘ಲೀಟರ್ ಖಾಲಿ ಇದೆ’ ಅಂತ ನಾವು ಆಗಲೇ ಬರೆದಿಟ್ಟಿದ್ದೇವಲ್ಲ. ಆಮೇಲೆ ಆ ಬಾಕ್ಸ್‌ಗೇ ಫೋಕಸ್_ಸೆಟ್ ಮಾಡಿದರೆ ಕರ್ಸರ್ ಅಲ್ಲೇ ಹೋಗಿ ನಿಲ್ಲುತ್ತದೆ. ಬಾಕ್ಸ್‌ಗಳನ್ನು ಖಾಲಿ ಮಾಡುವುದು ಎಲ್ಲ ಸರಿಯಾಗಿ ಉಳಿದ ಮೇಲೆ ಮಾತ್ರ. ಒಂದು ಬಾಕ್ಸ್ ತಪ್ಪಿದ್ದಕ್ಕೆ ನಾಲ್ಕೂ ಮತ್ತೆ ಟೈಪ್ ಮಾಡಿಸಬಾರದು.

ಪ್ರತಿ ಕೀ ಒತ್ತಿದಾಗಲೂ ಪರೀಕ್ಷಿಸುವ ವ್ಯವಸ್ಥೆಯೂ ಟಿಕೆಯಲ್ಲಿದೆ, ವ್ಯಾಲಿಡೇಟ್‌ಕಮಾಂಡ್ ಅಂತ. ನಾನು ಅದನ್ನು ಬಳಸುವುದು ಕಡಿಮೆ. 6.5 ಬರೆಯುವವರು ಮೊದಲು ‘6.’ ಅಂತ ಬರೆದೇ ಬರೆಯುತ್ತಾರೆ. ಪೂರ್ತಿ ಆಗುವ ಮುಂಚೆ ಬೇಡ ಅಂತ ತಡೆದರೆ ಟೈಪ್ ಮಾಡುವವರಿಗೆ ಕಿರಿಕಿರಿ. ಉಳಿಸುವಾಗ ಒಮ್ಮೆ ನೋಡಿದರೆ ಸಾಕು.

ಕೈ ಮೌಸ್‌ಗೆ ಹೋಗದೆ ಎಂಟರ್ ಒತ್ತಿದರೆ ಉಳಿಯುವ ಹಾಗೆ ಮಾಡಿಕೊಡಿ, ಸಾಲಿನಲ್ಲಿ ಜನ ನಿಂತಿರುವಾಗ ಅದು ದೊಡ್ಡ ಉಪಕಾರ. ಕಿಟಕಿಗೆ ರಿಟರ್ನ್ ಕೀಯನ್ನು ಬೈಂಡ್ ಮಾಡಬೇಕು. ಬೈಂಡ್ ಕರೆಯುವ ಫಂಕ್ಷನ್‌ಗೆ ಈವೆಂಟ್ ಅಂತ ಒಂದು ವಸ್ತು ಜೊತೆಗೆ ಬರುತ್ತದೆ, ಬಟನ್ ಅದನ್ನು ಕಳಿಸುವುದಿಲ್ಲ. ಡೆಫ್ ಉಳಿಸು(ಈವೆಂಟ್=ನನ್) ಅಂತ ಬರೆದರೆ ಎರಡಕ್ಕೂ ಆಗುತ್ತದೆ. ಡೈರಿಯ ಕಂಪ್ಯೂಟರ್ ಲಿನಕ್ಸ್ ಆಗಿದ್ದರೆ ಬಲಗಡೆ ಅಂಕಿಗಳ ಹತ್ತಿರ ಇರುವ ಎಂಟರ್ ಬೇರೆ ಕೀ ಅಂತ ಲೆಕ್ಕ, ಅದರ ಹೆಸರು ಕೆಪಿ_ಎಂಟರ್. ಅಂಕಿ ಹೊಡೆಯುವವರ ಕೈ ಇರುವುದೇ ಅಲ್ಲಿ, ಅದನ್ನೂ ಬೈಂಡ್ ಮಾಡಿ.

ಬೇರೆ ಥರದ ಬಾಕ್ಸ್‌ಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಹಲವು ಸಾಲು ಬರೆಯುವ ಟೆಕ್ಸ್ಟ್ ಬಾಕ್ಸ್‌ನ ಗೆಟ್‌ಗೆ ಎಲ್ಲಿಂದ ಎಲ್ಲಿಗೆ ಅಂತ ಹೇಳಬೇಕು: "1.0" ಇಂದ "ಎಂಡ್-1ಸಿ" ವರೆಗೆ. 1.0 ಅಂದರೆ ಒಂದನೇ ಸಾಲು, ಸೊನ್ನೆಯ ಅಕ್ಷರ. ಟೆಕ್ಸ್ಟ್ ಕೊನೆಯಲ್ಲಿ ತಾನೇ ಒಂದು ಹೊಸ ಸಾಲು ಸೇರಿಸಿರುತ್ತದೆ, ಅದು ಬೇಡ ಅಂತ ಒಂದು ಅಕ್ಷರ ಹಿಂದೆ ಸರಿಯುವುದು. ಕಾಂಬೊಬಾಕ್ಸ್‌ಗೆ ಗೆಟ್ ಇದೆ, ಆದರೆ ಸ್ಟೇಟ್ ಅನ್ನು ರೀಡ್‌ಓನ್ಲಿ ಮಾಡದಿದ್ದರೆ ಪಟ್ಟಿಯಲ್ಲಿ ಇಲ್ಲದ್ದನ್ನೂ ಜನ ಟೈಪ್ ಮಾಡಬಹುದು. ಲಿಸ್ಟ್‌ಬಾಕ್ಸ್‌ನಲ್ಲಿ ಆರಿಸಿದ್ದು ಇನ್ನೊಂದು ಬಾಕ್ಸ್‌ನಲ್ಲಿ ಅಕ್ಷರ ಸೆಲೆಕ್ಟ್ ಮಾಡಿದಾಗ ಅಳಿಸಿಹೋಗುತ್ತದೆ. ಎಕ್ಸ್‌ಪೋರ್ಟ್‌ಸೆಲೆಕ್ಷನ್ ಅನ್ನು ಫಾಲ್ಸ್ ಮಾಡಿದರೆ ನಿಲ್ಲುತ್ತದೆ. ನಾಳೆ ನೀವು ಟಿಕಿಂಟರ್ ಬಿಟ್ಟು ಪೈಕ್ಯೂಟಿ ಅನ್ನುವ ಇನ್ನೊಂದು ಕಿಟಕಿ ಸಾಧನಕ್ಕೆ ಹೋದರೆ ಗೆಟ್ ಜಾಗದಲ್ಲಿ ಟೆಕ್ಸ್ಟ್() ಬರುತ್ತದೆ. ಫ್ಲಾಸ್ಕ್‌ನಲ್ಲಿ ವೆಬ್ ಫಾರ್ಮ್ ಮಾಡಿದರೆ ರಿಕ್ವೆಸ್ಟ್.ಫಾರ್ಮ್ ಬರುತ್ತದೆ. ಅಲ್ಲಿ ಟಿಕ್ ಹಾಕದ ಚೆಕ್‌ಬಾಕ್ಸ್‌ನ ಹೆಸರೇ ಸರ್ವರ್‌ಗೆ ಬರುವುದಿಲ್ಲ, ಅದೊಂದು ನೆನಪಿರಲಿ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಅಣ್ಣನ ಕೈಗೆ ಕೊಡುವ ಮುಂಚೆ ನೀವೇ ಒಂದು ಅರ್ಧ ಗಂಟೆ ಅದನ್ನು ಕೆಡಿಸಲು ನೋಡಿ. ಲೀಟರ್ ಬಾಕ್ಸ್‌ನಲ್ಲಿ ಏನೂ ಹಾಕದೆ ಒತ್ತಿ. ಬರೀ ಸ್ಪೇಸ್ ಹಾಕಿ ಒತ್ತಿ. 6,5 ಹಾಕಿ, 6..5 ಹಾಕಿ, ೬.೫ ಹಾಕಿ, ಮೈನಸ್ 6 ಹಾಕಿ. ‘ಆರು’ ಅಂತ ಅಕ್ಷರದಲ್ಲಿ ಬರೆಯಿರಿ. ಇವುಗಳಲ್ಲಿ ೬.೫ ಒಂದು ಮಾತ್ರ ಉಳಿಯಬೇಕು. ಉಳಿದದ್ದಕ್ಕೆಲ್ಲ ಕನ್ನಡದಲ್ಲಿ ಒಂದು ಮಾತು ಬಂದು ಕರ್ಸರ್ ಅದೇ ಬಾಕ್ಸ್‌ಗೆ ವಾಪಸ್ ಹೋಗಬೇಕು. ಆಮೇಲೆ ಎರಡು ಬಟವಾಡೆ ಮುಗಿಯುವವರೆಗೆ ಪುಸ್ತಕವನ್ನು ನಿಲ್ಲಿಸಬೇಡಿ ಅಂತ ಅಣ್ಣನಿಗೆ ಹೇಳಿ. ಎರಡರಲ್ಲೂ ಬರೆಯಲಿ, ವಾರದ ಕೊನೆಗೆ ಒಬ್ಬೊಬ್ಬರ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಾದರೂ ತಾಳೆಯಾಗದಿದ್ದರೆ ಆ ಸದಸ್ಯರ ಆ ಹೊತ್ತಿನ ಸಾಲು, ನಿಮ್ಮ ಉಳಿಸು ಫಂಕ್ಷನ್ ಎರಡನ್ನೂ ನನಗೆ ಬರೆದು ಕಳಿಸಿ. ಒಟ್ಟಿಗೆ ನೋಡೋಣ.